ಮಣ್ಣಿಗೆ ಸಕ್ಕರೆ ನೀರು ಹಾಕಿದರೆ ಇಂಗಾಲ ಉಳಿಯುತ್ತಾ? ನೀರು ನಿಲ್ಲುತ್ತಾ?

ಹೊಸಪಾತಿ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದು ವಿಷಯ ತಲೆ ತಿನ್ನುತ್ತಿದೆ, ಬಲ್ಲವರು ಬಿಡಿಸಿ ಹೇಳಿ.

ಮಣ್ಣಿನಲ್ಲಿ ಕಾರ್ಬೋಹೈಡ್ರೇಟ್ ಜಾಸ್ತಿ ಇದ್ದರೆ ಅದು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ, ಇಂಗಾಲವೂ ಕೂಡುತ್ತದೆ ಅಂತ ಓದಿದ್ದೆ. ಸಕ್ಕರೆಯೂ ಕಾರ್ಬೋಹೈಡ್ರೇಟೇ ಅಲ್ವಾ? ಹಾಗಾದರೆ ಸಕ್ಕರೆಯನ್ನೇ ನೇರವಾಗಿ ಕೊಟ್ಟರೆ ಆಯ್ತಲ್ಲ ಅಂದುಕೊಂಡೆ. ಒಂದೇ ಅಳತೆಯ ಎರಡು ಪಾತಿ ಮಾಡಿದೆ. ಒಂದೇ ಮಣ್ಣು, ಒಂದೇ ಗಿಡ, ಒಂದೇ ಲೆಕ್ಕದ ನೀರು. ಒಂದು ಪಾತಿಗೆ ಮಾತ್ರ ವಾರಕ್ಕೊಮ್ಮೆ 100 ಗ್ರಾಂ ಸಕ್ಕರೆ ಕರಗಿಸಿದ ನೀರು. ಹೀಗೆ ಆರು ವಾರ ಮಾಡಿದೆ.

ಮೊದಲ ವಾರ ಖುಷಿಯಾಯಿತು. ಮಣ್ಣಿನ ಮೇಲೆ ಬಿಳಿ ನೂಲಿನ ಹಾಗೆ ಏನೋ ಹಬ್ಬಿತು, ಕೈಯಲ್ಲಿ ಹಿಡಿದರೆ ಮಣ್ಣು ಸ್ವಲ್ಪ ಕಾಳುಕಾಳಾಗಿ ಸಿಗುತ್ತಿತ್ತು. ಮೂರನೇ ವಾರದ ಹೊತ್ತಿಗೆ ಗಿಡದ ಕೆಳಗಿನ ಎಲೆಗಳು ಹಳದಿಯಾದವು. ಪಕ್ಕದ ಪಾತಿಯಲ್ಲಿ ಹಾಗೆ ಆಗಲಿಲ್ಲ. ಸಕ್ಕರೆ ನಿಲ್ಲಿಸಿ ಮೂರು ವಾರ ಬಿಟ್ಟು ನೋಡಿದರೆ ಆ ಕಾಳುಕಾಳು ಮಣ್ಣೂ ಇಲ್ಲ, ನೀರು ಒಣಗುವುದರಲ್ಲೂ ಎರಡು ಪಾತಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಹಾಕಿದ ಸಕ್ಕರೆ ಎಲ್ಲಿ ಹೋಯಿತು? ಎಲೆ ಯಾಕೆ ಹಳದಿಯಾಯಿತು? ಕಾರ್ಬೋಹೈಡ್ರೇಟ್ ಮಣ್ಣಿಗೆ ಒಳ್ಳೆಯದು ಅನ್ನುವ ಮಾತೇ ಸುಳ್ಳಾ?

ಬೇರುಲೋಳೆ:

ಮಾತು ಸುಳ್ಳಲ್ಲ. ಆದರೆ ಮಣ್ಣು ಹಿಡಿದಿಡುವ ಕಾರ್ಬೋಹೈಡ್ರೇಟ್ ಬೇರೆ, ನೀವು ಹಾಕಿದ್ದು ಬೇರೆ.

ಸಕ್ಕರೆ ಅಂದರೆ ತೀರಾ ಚಿಕ್ಕ ಅಣು. ನೀರಲ್ಲಿ ಕರಗುತ್ತದೆ, ಬ್ಯಾಕ್ಟೀರಿಯಾ ಹಾಗೇ ಒಳಗೆ ಎಳೆದುಕೊಳ್ಳುತ್ತದೆ. ಬೆಚ್ಚಗಿನ ಹಸಿ ಮಣ್ಣಿನಲ್ಲಿ ಗ್ಲೂಕೋಸ್ ಉಳಿಯುವುದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಒಳಗೆ ಹೋದದ್ದರಲ್ಲಿ ಸುಮಾರು ಅರ್ಧ ಉಸಿರಾಗಿ, ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಇನ್ನರ್ಧ ಅವುಗಳ ಮೈ ಆಗುತ್ತದೆ.

ಎಲೆ ಹಳದಿಯಾಗಿದ್ದು ಈ ಇನ್ನರ್ಧದಿಂದ. ಲೆಕ್ಕ ಹಾಕಿ ನೋಡಿ. 100 ಗ್ರಾಂ ಸಕ್ಕರೆಯಲ್ಲಿ ಇಂಗಾಲ ಸುಮಾರು 42 ಗ್ರಾಂ. ಅದರ ಅರ್ಧ, ಅಂದರೆ 21 ಗ್ರಾಂ ಸೂಕ್ಷ್ಮಜೀವಿಗಳ ಮೈ ಆಯಿತು ಅನ್ನಿ. ಅವುಗಳ ಮೈಯಲ್ಲಿ ಸುಮಾರು 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು. ಅಂದರೆ ಎರಡೂವರೆ ಗ್ರಾಂಗಿಂತ ಜಾಸ್ತಿ ಸಾರಜನಕ. ಸಕ್ಕರೆಯಲ್ಲಿ ಸಾರಜನಕ ಒಂದು ಚೂರೂ ಇಲ್ಲ. ಹಾಗಾಗಿ ಮಣ್ಣಿನಲ್ಲಿ ಗಿಡಕ್ಕೆ ಅಂತ ಇದ್ದದ್ದನ್ನೇ ಎಳೆದುಕೊಂಡವು. ಪ್ರತಿ ವಾರ ಹೀಗೆ ಆದರೆ ಗಿಡ ಏನು ಮಾಡುತ್ತೆ? ಹಳೆಯ ಎಲೆಯಿಂದ ಸಾರಜನಕ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಅದಕ್ಕೇ ಕೆಳಗಿನ ಎಲೆ ಮೊದಲು ಹಳದಿಯಾಗಿದ್ದು. ಸೂಕ್ಷ್ಮಜೀವಿಗಳು ಸತ್ತ ಮೇಲೆ ಅದರಲ್ಲಿ ಒಂದಷ್ಟು ವಾಪಸ್ ಬರುತ್ತದೆ, ಆದರೆ ನಿಮ್ಮ ಗಿಡ ಕೇಳಿದ ಹೊತ್ತಿಗಲ್ಲ. ಹುಲ್ಲುಗಾವಲುಗಳಲ್ಲಿ ಸಾರಜನಕ ಇಳಿಸಿ ಕಳೆ ಹತ್ತಿಕ್ಕಲು ಬೇಕಂತಲೇ ಸಕ್ಕರೆ ಎರಚಿ ನೋಡಿದವರಿದ್ದಾರೆ. ನೀವು ಗೊತ್ತಿಲ್ಲದೆ ಅದೇ ಪ್ರಯೋಗವನ್ನು ನಿಮ್ಮ ಗಿಡದ ಮೇಲೆ ಮಾಡಿದ್ದೀರಿ.

ಇನ್ನು ಮಣ್ಣಿಗೆ ನಿಜವಾಗಿ ಕೆಲಸಕ್ಕೆ ಬರುವ ಕಾರ್ಬೋಹೈಡ್ರೇಟ್ ಯಾವುದು? ಸಾವಿರಾರು ಸಕ್ಕರೆ ಅಣುಗಳು ಸರಪಳಿಯಾಗಿ ಕೂಡಿದ ಲೋಳೆ, ಅಂದರೆ ಪಾಲಿಸ್ಯಾಕರೈಡ್. ಬೇರಿನ ತುದಿ ಮಣ್ಣಲ್ಲಿ ನುಗ್ಗುವಾಗ ಜಾರಲು ಅಂತ ಇಂಥ ಲೋಳೆ ಸುರಿಸುತ್ತದೆ. ಬ್ಯಾಕ್ಟೀರಿಯಾಗಳೂ ತಮ್ಮ ಸುತ್ತ ಇಂಥದ್ದೇ ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತವೆ. ಈ ಲೋಳೆ ತನ್ನ ತೂಕದ ಎಷ್ಟೋ ಪಟ್ಟು ನೀರು ಕುಡಿದು ಉಬ್ಬುತ್ತದೆ. ಒಣಗುತ್ತಾ ಬಂದಾಗ ಜೇಡಿಯ ಕಣಗಳನ್ನೂ ಮರಳಿನ ಕಣಗಳನ್ನೂ ಹತ್ತಿರಕ್ಕೆ ಎಳೆದು ಅಂಟಿಸುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಸ್ವಲ್ಪ ಮರಳು ಬೆರೆತ ಮಣ್ಣಲ್ಲಿ ಬೆಳೆದ ಎಳೆ ಹುಲ್ಲಿನ ಗಿಡವನ್ನು ಮೆಲ್ಲಗೆ ಕಿತ್ತು ಅಲ್ಲಾಡಿಸಿ. ಬೇರಿಗೆ ತೋಳು ತೊಡಿಸಿದ ಹಾಗೆ ಮಣ್ಣು ಅಂಟಿಕೊಂಡಿರುತ್ತದೆ, ಕೊಡವಿದರೂ ಬೀಳಲ್ಲ. ಬೆರಳಿನಿಂದ ಸವರಿ ತೆಗೆದರೆ ಒಳಗೆ ಬೇರುಗೂದಲು ಕಾಣುತ್ತದೆ. ತೀರಾ ತುದಿಯಲ್ಲಿ ಮಾತ್ರ ಬೇರು ಬೆಳ್ಳಗೆ ಬೆತ್ತಲೆಯಾಗಿರುತ್ತದೆ, ಅಲ್ಲಿ ಬೇರುಗೂದಲು ಇನ್ನೂ ಹುಟ್ಟಿರುವುದಿಲ್ಲ. ಮಣ್ಣು ಹೀಗೆ ಹಿಡಿದು ನಿಲ್ಲುವುದು ಆ ಕೂದಲು ಮತ್ತು ಲೋಳೆ ಎರಡರಿಂದ. ಬೇರಿನ ಸುತ್ತಲಿನ ಈ ಜಾಗಕ್ಕೆ ರೈಜೋಸ್ಫಿಯರ್ ಅಂತ 1904ರಲ್ಲೇ ಹಿಲ್ಟ್ನರ್ ಹೆಸರಿಟ್ಟರು.

ಎಲೆ ಹಿಡಿದ ಇಂಗಾಲದಲ್ಲಿ ಬೆಳೆಗಳು ಸರಾಸರಿ ಐದರಲ್ಲೊಂದು ಪಾಲನ್ನು, ಹುಲ್ಲುಗಳು ಮೂರರಲ್ಲೊಂದು ಪಾಲನ್ನು ನೆಲದ ಕೆಳಗೆ ಕಳಿಸುತ್ತವೆ. ಅದರಲ್ಲಿ ಬೇರಿನ ಬೆಳವಣಿಗೆ, ಬೇರಿನ ಉಸಿರು, ಹೊರಗೆ ಸುರಿಸುವ ಸಕ್ಕರೆ, ಲೋಳೆ ಎಲ್ಲವೂ ಸೇರಿದೆ. ಬೇರೂ ಸಕ್ಕರೆ ಕೊಡುತ್ತದೆ, ನೀವೂ ಕೊಟ್ಟಿರಿ. ಆದರೆ ಬೇರು ಕೊಡುವುದು ಹನಿಹನಿಯಾಗಿ, ಪ್ರತಿದಿನ, ಬೇಕಾದ ಜಾಗದಲ್ಲಿ. ನೀವು ಕೊಟ್ಟಿದ್ದು ವಾರಕ್ಕೊಮ್ಮೆ ಒಂದೇ ಸಲಕ್ಕೆ.

ಜಾಡಿನೀರು:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಒಂದು ಪರೀಕ್ಷೆ ಹೇಳುತ್ತೇನೆ, ಮಾಡಿದರೆ ಈ ಅಂಟಿನ ವಿಷಯ ಮನಸ್ಸಿಗೆ ಇಳಿಯುತ್ತದೆ.

ಎರಡು ಗಾಜಿನ ಜಾಡಿ ತಗೊಳ್ಳಿ, ನೀರು ತುಂಬಿ. ಬಾಯಿಗೆ ತಂತಿ ಬಲೆಯ ಚಿಕ್ಕ ತೊಟ್ಟಿಲು ಇಳಿಬಿಡಿ, ನೀರಲ್ಲಿ ಮುಳುಗುವ ಹಾಗೆ. ಒಂದರಲ್ಲಿ ಪದೇ ಪದೇ ಉಳುಮೆಯಾಗುವ ಮಣ್ಣಿನ ಹೆಂಟೆ, ಇನ್ನೊಂದರಲ್ಲಿ ವರ್ಷಗಟ್ಟಲೆ ಹುಲ್ಲು ಬೆಳೆದ, ಯಾರೂ ಮುಟ್ಟದ ಜಾಗದ ಹೆಂಟೆ. ನಾನು ಮೊದಲ ಸಲ ಮಾಡಿದಾಗ ಎರಡನ್ನೂ ಒಟ್ಟಿಗೆ ಇಳಿಸಿದೆ. ಉಳುಮೆಯ ಮಣ್ಣಿನಿಂದ ಗುಳ್ಳೆ ಗುಳ್ಳೆಯಾಗಿ ಗಾಳಿ ಬಂತು, ಅಂಚು ಕಳಚಿ ಬಿತ್ತು, ನಿಮಿಷ ಕಳೆಯುವಷ್ಟರಲ್ಲಿ ಬಲೆಯ ಮೇಲೆ ಏನೂ ಉಳಿದಿರಲಿಲ್ಲ, ನೀರು ಕೆಸರು. ಹುಲ್ಲಿನ ಮಣ್ಣು ಸಂಜೆಯವರೆಗೂ ಹಾಗೇ ಕೂತಿತ್ತು. ಜಾಡಿಯ ಆಚೆ ಬದಿಯ ಕಿಟಕಿ ಕಾಣುವಷ್ಟು ನೀರು ತಿಳಿಯಾಗಿತ್ತು. ಎರಡೂ ಒಂದೇ ಬೇಲಿಯ ಈ ಕಡೆ ಆ ಕಡೆಯ ಮಣ್ಣು! ಅವತ್ತು ಮನೆಯವರನ್ನೆಲ್ಲಾ ಕರೆದು ತೋರಿಸಿದೆ.

ಒಣ ಹೆಂಟೆಯೊಳಗೆ ನೀರು ಎಲ್ಲಾ ಕಡೆಯಿಂದ ನುಗ್ಗುತ್ತದೆ. ಒಳಗಿನ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ, ಒತ್ತಡ ಏರಿ ಹೆಂಟೆಯನ್ನು ಒಡೆಯುತ್ತದೆ. ಅಂಟು ಗಟ್ಟಿ ಇದ್ದರೆ ತಡೆದುಕೊಳ್ಳುತ್ತದೆ. ಹೊಲದಲ್ಲೂ ಇದೇ ನಡೆಯೋದು. ಅಂಟಿಲ್ಲದ ಮಣ್ಣಿನ ಮೇಲೆ ಜೋರು ಮಳೆ ಬಿದ್ದರೆ ಹೆಂಟೆ ಒಡೆದು ಪುಡಿಯಾಗಿ, ಆ ಪುಡಿ ರಂಧ್ರಗಳಲ್ಲಿ ಕೂತು ಮೇಲೊಂದು ಪದರ ಕಟ್ಟುತ್ತದೆ. ಆಮೇಲೆ ಬಿದ್ದ ನೀರು ಇಂಗುವುದಿಲ್ಲ, ಹರಿದು ಹೋಗುತ್ತದೆ, ಮಣ್ಣನ್ನೂ ಕೊಚ್ಚಿಕೊಂಡು. ಲೋಳೆ ನೀರನ್ನು ತಾನು ಹಿಡಿದಿಡುವುದಕ್ಕಿಂತ, ನೀರು ಒಳಗೆ ಹೋಗುವ ದಾರಿಗಳನ್ನು ತೆರೆದಿಡುವುದು ದೊಡ್ಡ ಕೆಲಸ ಅನ್ನುವುದು ನನ್ನ ಅನಿಸಿಕೆ.

ಆದರೆ ಎಲ್ಲಾ ಅಂಟೂ ಒಂದೇ ತರ ಬಾಳುವುದಿಲ್ಲ. 1982ರಲ್ಲಿ ಟಿಸ್ಡಾಲ್ ಮತ್ತು ಓಡ್ಸ್ ಇದನ್ನು ತುಂಬಾ ಚೆನ್ನಾಗಿ ಬಿಡಿಸಿಟ್ಟರು. ಕಾಲು ಮಿಲಿಮೀಟರ್‌ಗಿಂತ ಚಿಕ್ಕ ಕಣಗುಂಪುಗಳು ತುಂಬಾ ಕಾಲ ನಿಲ್ಲುತ್ತವೆ. ಅವುಗಳನ್ನು ಸೇರಿಸಿ ದೊಡ್ಡ ಗುಂಪು ಮಾಡುವುದು ಮುಖ್ಯವಾಗಿ ನಾರು ಬೇರು ಮತ್ತು ಶಿಲೀಂಧ್ರದ ಎಳೆಗಳು, ಬಲೆ ಹಾಕಿ ಕಟ್ಟಿದ ಹಾಗೆ. ಪಾಲಿಸ್ಯಾಕರೈಡ್ ಲೋಳೆಯ ಅಂಟು ಬೇಗ ಬರುತ್ತದೆ, ಬೇಗ ಹೋಗುತ್ತದೆ, ಯಾಕಂದರೆ ಅದೂ ಯಾರದೋ ಊಟವೇ. ಸಕ್ಕರೆಯನ್ನು ಒಡೆಯುವ ಪರ್‌ಅಯೋಡೇಟ್ ಅನ್ನುವ ರಾಸಾಯನಿಕ ಹಾಕಿ ಹಿಂದೆ ಪರೀಕ್ಷೆ ಮಾಡಿದ್ದರು. ಸಾಗುವಳಿಯ ಮಣ್ಣಿನ ಗುಂಪುಗಳು ಕುಸಿದವು, ಹಳೆಯ ಹುಲ್ಲುಗಾವಲಿನವು ಅಷ್ಟು ಸುಲಭಕ್ಕೆ ಕುಸಿಯಲಿಲ್ಲ. ಅಲ್ಲಿ ಲೋಳೆಯ ಜೊತೆ ಬೇರೆ ಕಟ್ಟುಗಳೂ ಇದ್ದವು.

ನಿಮ್ಮ ಪಾತಿಯಲ್ಲಿ ಬಿಳಿ ನೂಲು ಕಂಡಿದ್ದು ಶಿಲೀಂಧ್ರದ ಎಳೆ. ಆಗ ಕಾಳುಕಾಳು ಆಗಿದ್ದು ನಿಜವೇ. ಊಟ ನಿಂತಿತು, ಎಳೆ ಸತ್ತಿತು, ಅಂಟನ್ನು ಬೇರೆಯವು ತಿಂದವು, ಮಣ್ಣು ಮೊದಲಿನ ಹಾಗೆ ಆಯಿತು.

ಹೊಸಪಾತಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಾರಜನಕದ ಲೆಕ್ಕ ನೋಡಿ ಕಣ್ಣು ತೆರೆಯಿತು. ಆರು ವಾರಕ್ಕೆ 15 ಗ್ರಾಂ ಹತ್ತಿರ ಆಯ್ತಲ್ಲ!

ಆದರೆ ಒಂದು ಸಂಶಯ. ಎಲ್ಲವನ್ನೂ ಯಾರಾದರೂ ತಿಂದೇ ತಿನ್ನುತ್ತಾರೆ ಅಂದಮೇಲೆ ಮಣ್ಣಿನಲ್ಲಿ ಇಂಗಾಲ ಉಳಿಯುವುದು ಹೇಗೆ? ಮತ್ತೆ, ಸಾವಯವ ಇಂಗಾಲ ಶೇ 1ರಷ್ಟು ಏರಿದರೆ ಎಕರೆಗೆ ಲಕ್ಷಗಟ್ಟಲೆ ಲೀಟರ್ ನೀರು ನಿಲ್ಲುತ್ತೆ ಅಂತಾರಲ್ಲ, ಅದು ನಿಜವಾ?

ಇಂಗಾಲಲೆಕ್ಕ:

ಕೊನೆಯ ಪ್ರಶ್ನೆ ಮೊದಲು ತಗೊಳ್ತೇನೆ, ಅದರಲ್ಲಿ ತುಂಬಾ ಜನ ಮೋಸ ಹೋಗಿದ್ದಾರೆ.

ಜಗತ್ತಿನ ಎಲ್ಲೆಡೆಯ ಮಣ್ಣುಗಳ ಅಳತೆ ಒಟ್ಟು ಹಾಕಿ 2018ರಲ್ಲಿ ಮಿನಾಸ್ನಿ ಮತ್ತು ಮೆಕ್‌ಬ್ರಾಟ್ನಿ ಲೆಕ್ಕ ಮಾಡಿದರು. ಸಾವಯವ ಇಂಗಾಲ ಶೇ 1ರಷ್ಟು ಏರಿದರೆ ಗಿಡಕ್ಕೆ ಸಿಗುವ ನೀರಿನ ಪ್ರಮಾಣ ಸರಾಸರಿ ಏರುವುದು ಗಾತ್ರದ ಲೆಕ್ಕದಲ್ಲಿ ಶೇ 1.16 ಮಾತ್ರ. ಅಂದರೆ 10 ಸೆಂಟಿಮೀಟರ್ ಆಳದ ಮಣ್ಣಿಗೆ 1.16 ಮಿಲಿಮೀಟರ್ ನೀರು. ಹೆಕ್ಟೇರಿಗೆ 11,600 ಲೀಟರ್, ಎಕರೆಗೆ 4,700 ಲೀಟರ್ ಆಸುಪಾಸು. ಮರಳು ಮಣ್ಣಿನಲ್ಲಿ ಇದು ಜಾಸ್ತಿ, ಜೇಡಿ ಮಣ್ಣಿನಲ್ಲಿ ಕಡಿಮೆ. ಅಷ್ಟಕ್ಕೂ ಶೇ 1 ಏರಿಸುವುದು ಸುಮ್ನೆ ಮಾತಲ್ಲ, ವರ್ಷಗಟ್ಟಲೆ ದುಡಿಮೆ ಬೇಕು. ಹಾಗಾಗಿ ಜಾಡಿನೀರು ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಿಜವಾದ ಲಾಭ ಬಿದ್ದ ಮಳೆ ಒಳಗೆ ಹೋಗುವುದರಲ್ಲಿದೆ. 40 ಮಿಲಿಮೀಟರ್ ಮಳೆಯಲ್ಲಿ ಅರ್ಧ ಹರಿದು ಹೋಗುವ ಕಡೆ ಅದು ಇಂಗಿದರೆ ಅಲ್ಲೇ 20 ಮಿಲಿಮೀಟರ್ ಸಿಕ್ಕಿತು. ಈ 1.16 ಅದರ ಮುಂದೆ ಎಷ್ಟು?

ಲೋಳೆ ಅಂದರೆ ಯಾವಾಗಲೂ ನೀರಿನ ಸ್ನೇಹಿತ ಅಂತಲೂ ಅಲ್ಲ. ಹಸಿ ಇದ್ದಾಗ ನೀರು ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಮೇಲೆ ನೀರನ್ನು ತಳ್ಳುತ್ತದೆ. 2010ರಲ್ಲಿ ಲೂಪಿನ್ ಗಿಡದ ಬೇರುಗಳನ್ನು ನ್ಯೂಟ್ರಾನ್ ಕಿರಣದಲ್ಲಿ ನೋಡಿದ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಮಣ್ಣು ಒಣಗುವಾಗ ಬೇರಿಗೆ ಅಂಟಿದ ಮಣ್ಣೇ ಸುತ್ತಲಿನದಕ್ಕಿಂತ ಹಸಿಯಾಗಿತ್ತು. ಮತ್ತೆ ನೀರು ಹಾಕಿದಾಗ ಸುತ್ತಲಿನ ಮಣ್ಣು ಬೇಗ ನೆನೆಯಿತು, ಬೇರಿಗೆ ಅಂಟಿದ್ದು ಒಂದಷ್ಟು ಹೊತ್ತು ಒಣಗಿಯೇ ಇತ್ತು. ಪೂರ್ತಿ ಒಣಗಲು ಬಿಟ್ಟು ಆಮೇಲೆ ಒಮ್ಮೆಲೇ ನೀರು ಸುರಿಯುವುದಕ್ಕಿಂತ, ಹದ ಆರದ ಹಾಗೆ ನೋಡಿಕೊಳ್ಳುವುದು ಒಳ್ಳೆಯದು ಅನ್ನಲು ಇದೂ ಒಂದು ಕಾರಣ.

ಈಗ ಇಂಗಾಲ ಉಳಿಯುವುದು ಹೇಗೆ ಅನ್ನುವುದಕ್ಕೆ ಬರ್ತೇನೆ. ಇಲ್ಲಿ ಬೇರುಲೋಳೆ ಅವರ ಮಾತಿಗೆ ಸ್ವಲ್ಪ ಸೇರಿಸಬೇಕು. ಸಕ್ಕರೆ ಹೋಗಿಬಿಡುತ್ತದೆ ನಿಜ, ಆದರೆ ಅದರ ಇಂಗಾಲ ಪೂರ್ತಿ ಹೋಗುವುದಿಲ್ಲ. ಅದನ್ನು ತಿಂದ ಬ್ಯಾಕ್ಟೀರಿಯಾ ಸಾಯುತ್ತದೆ. ಅದರ ಕೋಶದ ಗೋಡೆಯ ಚೂರು, ಅದು ಸುರಿಸಿದ ಲೋಳೆ, ಇವು ಜೇಡಿಯ ಕಣಕ್ಕೆ, ಕಬ್ಬಿಣದ ಆಕ್ಸೈಡಿಗೆ ಅಂಟಿಕೊಳ್ಳುತ್ತವೆ. ಅಥವಾ ಯಾವುದೋ ಚಿಕ್ಕ ರಂಧ್ರದಲ್ಲಿ ಸಿಕ್ಕಿಕೊಳ್ಳುತ್ತವೆ, ಅಲ್ಲಿಗೆ ಬೇರೆ ಸೂಕ್ಷ್ಮಜೀವಿಗೆ ಹೋಗಲು ಆಗುವುದಿಲ್ಲ. ಹೀಗೆ ಸಿಕ್ಕಿದ ಇಂಗಾಲ ದಶಕ, ಶತಮಾನಗಳವರೆಗೂ ಉಳಿಯಬಹುದು. ಉಳಿಯುವುದು ಆ ಅಣು ಗಟ್ಟಿ ಅಂತಲ್ಲ, ಅದು ಕೂತ ಜಾಗ ಗಟ್ಟಿ ಅಂತ.

ಇದಕ್ಕೆ ಸಾಕ್ಷಿ ಮಣ್ಣಿನ ಸಕ್ಕರೆಗಳಲ್ಲೇ ಇದೆ. ಗಿಡಗಳಲ್ಲಿ ಅರಾಬಿನೋಸ್, ಕ್ಸೈಲೋಸ್ ಅನ್ನುವ ಸಕ್ಕರೆಗಳು ಜಾಸ್ತಿ. ಸೂಕ್ಷ್ಮಜೀವಿಗಳು ಮಾಡುವುದು ಗ್ಯಾಲಕ್ಟೋಸ್, ಮ್ಯಾನೋಸ್ ಜಾಸ್ತಿ. ಎರಡನೇ ಜೋಡಿಯನ್ನು ಮೊದಲನೆಯದರಿಂದ ಭಾಗಿಸಿದಾಗ 0.5ಕ್ಕಿಂತ ಕಡಿಮೆ ಬಂದರೆ ಅದು ಗಿಡದ್ದು, 2ಕ್ಕಿಂತ ಜಾಸ್ತಿ ಬಂದರೆ ಸೂಕ್ಷ್ಮಜೀವಿಯದ್ದು ಅಂತ ಲೆಕ್ಕ. ಮಣ್ಣಿನ ದೊಡ್ಡ ಚೂರುಗಳಿಂದ ಜೇಡಿಯ ಕಡೆಗೆ ಹೋದ ಹಾಗೆ ಈ ಸಂಖ್ಯೆ ಸಾಮಾನ್ಯವಾಗಿ ಏರುತ್ತದೆ. ಅಂದರೆ ಜೇಡಿಗೆ ಅಂಟಿ ಕೂತ ಸಕ್ಕರೆಗಳಲ್ಲಿ ಹೆಚ್ಚಿನವು ಒಮ್ಮೆ ಸೂಕ್ಷ್ಮಜೀವಿಯ ಹೊಟ್ಟೆ ಸೇರಿ ಬಂದವು. ಮಣ್ಣಿನ ಸಾವಯವ ಅಂಶದಲ್ಲಿ ಒಟ್ಟು ಶೇ 5ರಿಂದ 25ರಷ್ಟು ಕಾರ್ಬೋಹೈಡ್ರೇಟೇ ಇರುತ್ತದೆ.

ಸಕ್ಕರೆ ಸುರಿಯುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಸುಲಭದ ಊಟ ಒಮ್ಮೆಲೇ ಸಿಕ್ಕರೆ ಸೂಕ್ಷ್ಮಜೀವಿಗಳು ಹುಮ್ಮಸ್ಸಿನಲ್ಲಿ ಹಳೆಯ ಸಾವಯವ ಅಂಶವನ್ನೂ ಒಡೆಯಲು ಹೋಗುತ್ತವೆ, ಮುಖ್ಯವಾಗಿ ಸಾರಜನಕ ಹುಡುಕಿಕೊಂಡು. ಹಸಿರು ಗೊಬ್ಬರ ಹಾಕಿದಾಗ ಹೀಗಾಗುತ್ತದೆ ಅಂತ 1926ರಲ್ಲೇ ಲೋನಿಸ್ ಗಮನಿಸಿದ್ದರು. ಇದಕ್ಕೆ ಪ್ರೈಮಿಂಗ್ ಅನ್ನುತ್ತಾರೆ. ನೀವು ಹಾಕಿದ್ದಲ್ಲದೆ ಮೊದಲೇ ಇದ್ದದ್ದರಲ್ಲೂ ಸ್ವಲ್ಪ ಹೋಗಿರಬಹುದು. ಮೇಲಿನ 1 ಮೀಟರ್ ಮಣ್ಣಿನಲ್ಲಿ ಇಡೀ ಜಗತ್ತಿನ ಲೆಕ್ಕಕ್ಕೆ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲ ಇದೆ, ವಾತಾವರಣದಲ್ಲಿ ಇರುವುದಕ್ಕಿಂತ ಜಾಸ್ತಿ. ಅದರಲ್ಲಿ ಚೂರು ಅಲ್ಲಾಡಿದರೂ ಸಣ್ಣ ವಿಷಯವಲ್ಲ. ನನಗೆ ಈ ವಿಷಯದ ಮೇಲೆ ಇಷ್ಟು ಕಾಳಜಿ ಇರುವುದೂ ಅದಕ್ಕೇ.

ಒಣಎಲೆ:

ಒಂದು ಚಿಕ್ಕ ಪ್ರಶ್ನೆ ಮಧ್ಯೆ. ಒಣ ಹುಲ್ಲು, ಎಲೆಯಲ್ಲಿರುವ ಸೆಲ್ಯುಲೋಸ್ ಕೂಡ ಗ್ಲೂಕೋಸಿನಿಂದಲೇ ಆಗಿದ್ದಲ್ವಾ? ಹಾಗಾದರೆ ಹುಲ್ಲು ಹೊದಿಸಿದರೂ ಸಕ್ಕರೆ ಹಾಕಿದ ಹಾಗೇ ಆಗಬೇಕಲ್ಲ?

ಬೇರುಲೋಳೆ:

ಒಳ್ಳೆಯ ಪ್ರಶ್ನೆ. ಪಿಷ್ಟವೂ ಗ್ಲೂಕೋಸೇ, ಸೆಲ್ಯುಲೋಸೂ ಗ್ಲೂಕೋಸೇ. ಕೊಂಡಿ ಹಾಕುವ ರೀತಿ ಮಾತ್ರ ಬೇರೆ. ಸೆಲ್ಯುಲೋಸಿನಲ್ಲಿ ಸರಪಳಿ ನೇರವಾಗಿ ಇರುತ್ತದೆ, ಪಕ್ಕಪಕ್ಕದ ಸರಪಳಿಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡು ನಾರಾಗುತ್ತವೆ. ನೀರಲ್ಲಿ ಕರಗುವುದಿಲ್ಲ. ಶಿಲೀಂಧ್ರಗಳು ಕಿಣ್ವ ಸುರಿಸಿ ಹೊರಗೇ ಒಡೆದು ಆಮೇಲೆ ಹೀರಬೇಕು. ಅದಕ್ಕೆ ದಿನಗಳಲ್ಲ, ತಿಂಗಳುಗಳು ಬೇಕು. ಹಾಗಾಗಿ ಊಟ ನಿಧಾನವಾಗಿ ಸಿಗುತ್ತದೆ.

ಸಾರಜನಕದ ಜಗ್ಗಾಟ ಇಲ್ಲೂ ಇದೆ. ಗೋಧಿಯ ಹುಲ್ಲಿನಲ್ಲಿ 1 ಪಾಲು ಸಾರಜನಕಕ್ಕೆ ಸುಮಾರು 80 ಪಾಲು ಇಂಗಾಲ. ಅದನ್ನು ಮಣ್ಣಿನೊಳಗೆ ಬೆರೆಸಿದರೆ ಗಿಡ ಹಳದಿಯಾಗುತ್ತದೆ. ಮೇಲೆ ಹೊದಿಸಿದರೆ ಆ ಜಗ್ಗಾಟ ಮಣ್ಣು ಹುಲ್ಲು ಮುಟ್ಟುವ ತೆಳು ಪದರದಲ್ಲಿ ಮುಗಿಯುತ್ತದೆ, ಕೆಳಗಿನ ಬೇರಿಗೆ ಅಷ್ಟಾಗಿ ತಟ್ಟುವುದಿಲ್ಲ. ಜೊತೆಗೆ ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯುವುದೂ ತಪ್ಪುತ್ತದೆ.

ಇಂಗಾಲಲೆಕ್ಕ ಅವರು ಸೇರಿಸಿದ್ದು ಸರಿ, ನಾನು ಆ ಭಾಗ ಬಿಟ್ಟಿದ್ದೆ.

ಮಳೆವಾಸನೆ:

ಒಣಗಿ ನೆನೆಯುವ ವಿಷಯ ಬಂತಲ್ಲ, ಅದಕ್ಕೊಂದು ಮಾತು. ತುಂಬಾ ದಿನ ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಮಣ್ಣು ಒಮ್ಮೆಲೇ ಜೋರಾಗಿ ಉಸಿರು ಬಿಡುತ್ತದೆ. 1958ರಲ್ಲಿ ಬರ್ಚ್ ಎಂಬ ವಿಜ್ಞಾನಿ ಇದನ್ನು ವಿವರವಾಗಿ ಬರೆದರು, ಈಗಲೂ ಬರ್ಚ್ ಪರಿಣಾಮ ಅಂತಲೇ ಕರೆಯುತ್ತಾರೆ. ಒಣಗುವಾಗ ಎಷ್ಟೋ ಸೂಕ್ಷ್ಮಜೀವಿಗಳು ಸತ್ತಿರುತ್ತವೆ. ಬದುಕಿದವುಗಳಲ್ಲಿ ಹಲವು ಟ್ರೆಹಲೋಸ್ ಅನ್ನುವ ಸಕ್ಕರೆಯನ್ನು ಮೈಯೊಳಗೆ ಕೂಡಿಟ್ಟುಕೊಂಡು ಒಣಗುವುದರಿಂದ ಬಚಾವಾಗಿರುತ್ತವೆ. ಜೊತೆಗೆ ಸುತ್ತ ಲೋಳೆಯನ್ನೂ ಜಾಸ್ತಿ ಕಟ್ಟಿಕೊಂಡಿರುತ್ತವೆ. ನೀರು ಬಂದ ತಕ್ಷಣ ಇದೆಲ್ಲ ಊಟವಾಗುತ್ತದೆ, ಒಡೆದ ಹೆಂಟೆಗಳಿಂದಲೂ ಬಚ್ಚಿಟ್ಟಿದ್ದ ಇಂಗಾಲ ಹೊರಬರುತ್ತದೆ. ಬೋಳು ಮಣ್ಣು ಬಿಸಿಲಿಗೆ ಕಾಯ್ದು ಮತ್ತೆ ಮತ್ತೆ ಒಣಗಿ ನೆನೆದರೆ ಪ್ರತಿ ಸಲವೂ ಹೀಗೆ ಇಂಗಾಲ ಹೋಗುತ್ತದೆ. ಹೊದಿಕೆಗೆ ನನ್ನ ಓಟು.

ಹೊಸಪಾತಿ:

ಎಲ್ಲರಿಗೂ ಮನಸಾರೆ ವಂದನೆ. ಈಗ ಹೀಗೆ ಮಾಡಬೇಕು ಅಂತಿದ್ದೇನೆ. ಸಕ್ಕರೆ ಬಂದ್. ಒಂದು ಪಾತಿಯಲ್ಲಿ ಗಿಡಗಳ ನಡುವೆ ಹುಲ್ಲು ಮತ್ತು ದ್ವಿದಳ ಜಾತಿಯ ಗಿಡ ಸೇರಿಸಿ ಬಿತ್ತುತ್ತೇನೆ, ಯಾವಾಗಲೂ ಜೀವಂತ ಬೇರು ಇರುವ ಹಾಗೆ. ಬೆಳೆ ಮುಗಿದ ಮೇಲೂ ಕೀಳದೆ ನೆಲಮಟ್ಟಕ್ಕೆ ಕತ್ತರಿಸಿ, ಬೇರು ಒಳಗೇ ಬಿಟ್ಟು, ಕತ್ತರಿಸಿದ್ದನ್ನು ಮೇಲೆ ಹೊದಿಸುತ್ತೇನೆ. ಇನ್ನೊಂದು ಪಾತಿ ಮೊದಲಿನ ಹಾಗೇ. ಮೂರು ತಿಂಗಳಿಗೊಮ್ಮೆ ಎರಡರ ಹೆಂಟೆಯನ್ನೂ ಜಾಡಿಗೆ ಇಳಿಸಿ ಫೋಟೋ ಹಾಕುತ್ತೇನೆ.

ಇವತ್ತು ಬೆಳಿಗ್ಗೆ ನೀರು ಹಾಕಿದ ಮೇಲೆ ಎರಡು ಪಾತಿಯ ಹೆಂಟೆ ತೆಗೆದು ಸುಮ್ನೆ ಪರೀಕ್ಷೆ ಮಾಡಿದೆ. ಎರಡೂ ಒಡೆಯಲಿಲ್ಲ! ಹಾಗಾದರೆ ನನ್ನ ಮಣ್ಣು ಚೆನ್ನಾಗಿದೆ ಅಂತ ಅರ್ಥವಾ?

ಜಾಡಿನೀರು:

ಇಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಸಿ ಹೆಂಟೆಯ ರಂಧ್ರಗಳಲ್ಲಿ ಮೊದಲೇ ನೀರಿರುತ್ತದೆ, ಗಾಳಿ ಸಿಕ್ಕಿಕೊಂಡು ಒತ್ತಡ ಏರುವುದೇ ಇಲ್ಲ. ಹಾಗಾಗಿ ಸಾಧಾರಣ ಮಣ್ಣೂ ಒಡೆಯದೆ ನಿಂತುಬಿಡುತ್ತದೆ. ಹೆಂಟೆಯನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ, ಒಂದು ವಾರ ಬೇಕಾದರೂ ಬಿಡಿ. ಎರಡೂ ಒಂದೇ ಗಾತ್ರದ್ದಿರಲಿ, ಮೊಟ್ಟೆಯಷ್ಟು ಸಾಕು. ಒಂದೇ ಆಳದಿಂದ ತೆಗೆದದ್ದಿರಲಿ, ಒಂದೊಂದು ಪಾತಿಯಿಂದ ಕನಿಷ್ಠ ಮೂರು ಹೆಂಟೆ. ಇಳಿಸಿದ ಮೇಲೆ ಮೊದಲ 5 ನಿಮಿಷ ಜಾಡಿಯ ಮುಂದೆಯೇ ಕೂತಿರಿ, ಗುಳ್ಳೆ ಎಲ್ಲಿಂದ ಬರುತ್ತಿದೆ, ಯಾವ ಅಂಚು ಮೊದಲು ಕಳಚುತ್ತದೆ ಅಂತ ನೋಡಿ ಬರೆದಿಡಿ. ಫೋಟೋಗೆ ಕಾಯ್ತಿರ್ತೇನೆ.